ಹದಿನಾಲ್ಕನೆಯ ಮನೆಯ ರೊಟ್ಟಿಗಳು

ಸಲೆ,
ಮಾರ್ಚ್ ೧೨, ಮಂಗಳವಾರ

ಪ್ರೀತಿಯ ಬತೂಲ್,

ಸಲಾಮು. ಹರಿದು ಹಾಕುವುದಿದ್ದರೆ ಹರಿದು ಹಾಕು, ಆದರೆ ಈ ಮೊದಲ ಪುಟವನ್ನಾದರೂ ಓದಿದ ಮೇಲೆ. ಐದು ದಿನದಿಂದ ನೀನು ಫೋನು ಎತ್ತುತ್ತಿಲ್ಲ. ನಿನ್ನೆ ನಿಮ್ಮ ಮನೆಗೆ ಹೋಗಿದ್ದೆ. ನಿನ್ನ ತಾಯಿ ಬಾಗಿಲನ್ನು ಅಂಗೈಯಗಲ ತೆರೆದು ಮಾತಾಡಿದರು. ನಾಲ್ಕು ವರ್ಷ ಪ್ರತಿ ಹಬ್ಬಕ್ಕೂ ನನ್ನನ್ನು ಕರೆದು, ಇನ್ನಷ್ಟು ತಿನ್ನಿ ಎಂದು ಗದರಿ ಬಡಿಸಿದ ಹೆಂಗಸು ಈ ಸಲ ಒಳಗೆ ಬನ್ನಿ ಎನ್ನಲಿಲ್ಲ. ಕಾಗದ ಬರೆದು ಕೊಟ್ಟರೆ ತಲುಪಿಸುತ್ತೇನೆ ಎಂದಷ್ಟೇ ಹೇಳಿದರು. ಅದೂ ಅವರ ದೊಡ್ಡ ಮನಸ್ಸು.

ಸುತ್ತಿ ಬಳಸದೆ ಕೇಳುತ್ತೇನೆ. ನನ್ನ ಸೊಸೆ ನುಹೈಲಾ ಎಲ್ಲಿದ್ದಾಳೆ? ನನ್ನ ಮೊಮ್ಮಗಳು ಶಾಮಾ ಎಲ್ಲಿದ್ದಾಳೆ? ಗುರುವಾರ ಸಂಜೆ ತಾಮು ಮನೆಯ ಮಾಳಿಗೆ ಹತ್ತಿಸಿ ಅವರನ್ನು ಕರೆದುಕೊಂಡು ಹೋದವಳು ನೀನೇ ಎಂದು ನನಗೆ ಗೊತ್ತು. ಎಲ್ಲಿಟ್ಟಿದ್ದೀಯ ಎಂದು ಗೊತ್ತಿಲ್ಲ. ಕ್ಷೇಮವಾಗಿದ್ದಾರೆ ಎಂದು ಒಂದು ಸಾಲು, ಕೆಳಗೊಂದು ವಿಳಾಸ, ಅಷ್ಟು ಬರೆ. ನಿನ್ನಿಂದ ಇನ್ನೇನೂ ಕೇಳುವುದಿಲ್ಲ.

ಅದಕ್ಕಿಂತ ಮೊದಲು ಒಂದು ಎಚ್ಚರಿಕೆ. ಅವರಿರುವ ಮನೆಯಿಂದ ಯಾವ ಬೀದಿಯ ರೊಟ್ಟಿ ಭಟ್ಟಿಗೂ ಬೇಯಿಸಲು ಹಿಟ್ಟು ಹೋಗಕೂಡದು. ಮನೆಯಲ್ಲೇ ಗ್ಯಾಸಿನ ಮೇಲೆ ಹಂಚಿಟ್ಟು ಬೇಯಿಸಿಕೊಳ್ಳಲಿ, ಇಲ್ಲವೇ ಅಂಗಡಿ ರೊಟ್ಟಿ ತಿನ್ನಲಿ. ನನ್ನ ಮಗ ಮುನೀರ್ ವಿಮಾ ಕಚೇರಿಗೆ ರಜೆ ಹಾಕಿದ್ದಾನೆ. ಬೆಳಿಗ್ಗೆ ಎದ್ದವನು ಭಟ್ಟಿಯಿಂದ ಭಟ್ಟಿಗೆ ಅಲೆಯುತ್ತಿದ್ದಾನೆ. ನಿನ್ನೆ ಸಲೆಯ ಹನ್ನೊಂದು ಭಟ್ಟಿ ಮುಗಿಸಿದ, ಇವತ್ತು ನದಿ ದಾಟಿ ರಬಾತಿಗೆ ಹೋಗಿದ್ದಾನೆ. ಯಾರ ಮನೆಯಿಂದ ಈ ವಾರ ಹೆಚ್ಚು ರೊಟ್ಟಿ ಬರುತ್ತಿದೆ, ಹಿಟ್ಟು ಹೊತ್ತು ತರುವ ಯಾರ ಹಲಗೆಯ ಮೇಲೆ ಪುಟ್ಟ ರೊಟ್ಟಿಯೊಂದು ಹೊಸದಾಗಿ ಕಾಣುತ್ತಿದೆ ಎಂದು ಕೇಳುತ್ತಾನೆ. ವಿಶ್ವವಿದ್ಯಾಲಯದ ಸಂಶೋಧನೆ ಅನ್ನುತ್ತಾನಂತೆ. ನನ್ನ ಹೆಸರು ಹೇಳುತ್ತಾನಂತೆ.

ಈಗ ಕಥೆಯನ್ನು ಮೊದಲಿಂದ ಹೇಳಿಬಿಡುತ್ತೇನೆ. ನಿನಗೆ ಗೊತ್ತಿರುವುದೇ ಹೆಚ್ಚು. ಆದರೂ ನನ್ನ ಬಾಯಿಂದ ಬರಬೇಕಾದ್ದು ಒಂದಿಷ್ಟಿದೆ, ಮತ್ತು ವಿವರಿಸದೆ ಇರುವುದು ನನಗೆ ಬರುವುದಿಲ್ಲ.

ನಮ್ಮ ಬೀದಿಯ ಭಟ್ಟಿಯನ್ನೇ ನಿನ್ನ ಅಧ್ಯಯನಕ್ಕೆ ಕೊಟ್ಟವಳು ನಾನು. ಜನಗಣತಿಯವರು ಹತ್ತು ವರ್ಷಕ್ಕೊಮ್ಮೆ ಬರುತ್ತಾರೆ, ಭಟ್ಟಿಯವನು ದಿನಾ ಗಣತಿ ಮಾಡುತ್ತಾನೆ ಎಂದು ತರಗತಿಯಲ್ಲಿ ನಾನು ಹೇಳಿದಾಗ ಎಲ್ಲರೂ ನಕ್ಕರು, ನೀನೊಬ್ಬಳು ಬರೆದುಕೊಂಡೆ. ಹದಿನಾಲ್ಕು ತಿಂಗಳು ನೀನು ಸಿ ಅಲ್ಲಾಲರ ಭಟ್ಟಿಯ ಪಕ್ಕದ ಕಲ್ಲಿನ ಮೇಲೆ ಕೂತೆ. ಹಲಗೆಗಳು ಬರುವುದನ್ನು, ಹೋಗುವುದನ್ನು, ಎಷ್ಟು ರೊಟ್ಟಿ ಎಂಬುದನ್ನು, ಯಾರದು ಯಾವುದೆಂದು ತಿಳಿಯಲು ರೊಟ್ಟಿಯ ಮೇಲೆ ಒತ್ತಿದ ಗುರುತು ಯಾವುದು ಎಂಬುದನ್ನು ಬರೆದೆ. ಒಂದು ಮನೆಯದು ಮುಳ್ಳುಚಮಚದ ನಾಲ್ಕು ಚುಕ್ಕಿ, ಇನ್ನೊಂದರದು ಹೆಬ್ಬೆರಳಿನ ಗುಳಿ, ಮತ್ತೊಂದರದು ಚಹಾ ಲೋಟದ ಬಾಯಿ. ಬೀದಿಯ ಸ್ನಾನಗೃಹ ಹಮ್ಮಾಮಿನಲ್ಲಿ ಹೆಂಗಸರ ಬೆನ್ನು ಉಜ್ಜುವ ತಾಮು ತನ್ನ ಬೀಗದಕೈಯನ್ನೇ ಹಿಟ್ಟಿಗೆ ಒತ್ತುತ್ತಾಳೆ. ನಾವು ಮನೆಗಳ ಹೆಸರು ತೆಗೆದು ಸಂಖ್ಯೆ ಕೊಟ್ಟೆವು, ತಾಮು ಮನೆ ಹದಿನಾಲ್ಕು ಆಯಿತು. ಯಾರ ಗುಟ್ಟೂ ಹೊರಬೀಳದು ಎಂದು ನಾನೇ ಸಹಿ ಹಾಕಿದೆ. ಗುರುತುಗಳ ಫೋಟೋ ಮಾತ್ರ ಹಾಗೆಯೇ ಉಳಿಸಿಕೊಂಡೆ, ಚೆಂದ ಇದ್ದವು ಅಂತ. ಇಡೀ ಬೀದಿಗೆ ಆ ಗುರುತೇ ಹೆಸರು ಎಂದು ಐವತ್ತೆಂಟು ವರ್ಷ ಅದೇ ಬೀದಿಯ ರೊಟ್ಟಿ ತಿಂದ ನನಗೆ ಹೊಳೆಯಲಿಲ್ಲ. ದೀಪದ ಬುಡದಲ್ಲಿ ಕತ್ತಲೆ ಅನ್ನುವುದು ಇದಕ್ಕೇ.

ನೀನು ಮೂರು ಸಲ ಬೇಡ ಎಂದೆ. ಮೊದಲ ಸಲ, ಗುರುತುಗಳನ್ನು ಮಸುಕು ಮಾಡೋಣವೇ ಎಂದು ಕೇಳಿದೆ. ಮಸುಕು ಮಾಡಿದರೆ ನಮ್ಮ ವಿಭಾಗದ ಪ್ರದರ್ಶನಕ್ಕೆ ಯಾರು ಬರುತ್ತಾರೆ ಎಂದೆ ನಾನು. ಎರಡನೆಯ ಸಲ, ಹದಿನಾಲ್ಕನೆಯ ಮನೆಯ ಬದಲು ಬೇರೆ ಮನೆಯ ಪಟ್ಟಿ ಹಾಕೋಣ ಎಂದೆ ನೀನು. ಬೇರೆ ಯಾವ ಮನೆಯಲ್ಲೂ ಅಷ್ಟು ಸ್ಪಷ್ಟವಾದ ಬದಲಾವಣೆ ಇಲ್ಲ ಎಂದು ನಿನಗೇ ಪಾಠ ಹೇಳಿದೆ. ಮೂರನೆಯ ಸಲ ನೀನು ನನ್ನ ಕೋಣೆಯಲ್ಲಿ ನಿಂತು ಅತ್ತೆ, ಕಾರಣ ಮಾತ್ರ ಹೇಳಲಿಲ್ಲ. ಅಳುವವರಿಂದ ಸಂಶೋಧನೆ ಆಗದು ಮಗಳೇ ಎಂದು ಕಳಿಸಿಬಿಟ್ಟೆ. ಮುನೀರನ ತಾಯಿಗೆ ಆ ಕಾರಣವನ್ನು ನೀನಾದರೂ ಹೇಗೆ ಹೇಳುತ್ತಿದ್ದೆ.

ನುಹೈಲಾ ಮಗುವನ್ನು ಎತ್ತಿಕೊಂಡು ಮನೆ ಬಿಟ್ಟದ್ದು ಜನವರಿ ಇಪ್ಪತ್ತನೇ ತಾರೀಕು. ಸ್ಪೇನಿನಲ್ಲಿರುವ ಅಣ್ಣನ ಮನೆಗೆ ಓಡಿಹೋದಳು ಎಂದ ಮುನೀರ್. ನಾನು ಬೀದಿಗೆಲ್ಲ ಅದನ್ನೇ ಹೇಳಿದೆ, ಸೊಸೆಗೆ ಯುರೋಪಿನ ಹುಚ್ಚು ಎಂದು ನಗಾಡಿದೆ ಕೂಡ. ಹೆಂಗಸರು ಎಂದಿನಂತೆ ನನಗೆ ಗೌರವ ಕೊಟ್ಟು ಹೌದು ಲಾಲಾ ಕೆಂಝಾ, ಹೌದು ಎಂದರು. ಅವರಿಗೆಲ್ಲ ಗೊತ್ತಿತ್ತು. ಆ ಏಳು ವಾರ ಅವಳು ನಮ್ಮ ಮನೆಯಿಂದ ಮೂರು ಸಂದಿ ಆಚೆ ತಾಮು ಮನೆಯಲ್ಲಿದ್ದಳು, ಇಡೀ ಬೀದಿ ಅವಳನ್ನು ಮುಚ್ಚಿಟ್ಟುಕೊಂಡಿತ್ತು. ಬೀದಿಯನ್ನು ಓದುವ ವಿದುಷಿಯೊಬ್ಬಳಿಗೆ ಮಾತ್ರ ಗೊತ್ತಿರಲಿಲ್ಲ.

ಗೊತ್ತಿರಲಿಲ್ಲ ಎಂದು ಬರೆದೆ. ಅದೂ ಪೂರ್ತಿ ನಿಜವಲ್ಲ ಬತೂಲ್. ಫೆಬ್ರವರಿಯಲ್ಲಿ ಮುನೀರನ ಕಪಾಟು ಒರೆಸುವಾಗ ಬಟ್ಟೆಗಳ ಕೆಳಗೆ ತಾಯಿ ಮಗಳಿಬ್ಬರ ಪಾಸ್‌ಪೋರ್ಟುಗಳೂ ಕಂಡವು. ಅವಿಲ್ಲದೆ ಯಾವ ಸ್ಪೇನು? ನೋಡಿದೆ, ಇದ್ದಲ್ಲೇ ಇಟ್ಟೆ, ಬಾಗಿಲು ಹಾಕಿದೆ. ಮಾರನೆಯ ದಿನವೂ ಸ್ಪೇನು ಎಂದೇ ಹೇಳಿದೆ. ಅದಕ್ಕೂ ಹಿಂದೆ, ಆಗಸ್ಟಿನ ಧಗೆಯಲ್ಲಿ ನುಹೈಲಾ ಕತ್ತಿಗೆ ಶಾಲು ಸುತ್ತಿಕೊಂಡು ಮಹಡಿ ಇಳಿದು ಬಂದಿದ್ದಳು. ಶೀತವೇ ಎಂದು ಕೇಳಿದೆ. ಹೌದೆಂದಳು. ಕಷಾಯ ಕಾಯಿಸಿ ಕೊಟ್ಟೆ. ಆ ಶಾಲನ್ನು ಸ್ವಲ್ಪ ಸರಿಸಿ ನೋಡಲು ನನಗೆ ಎಷ್ಟು ಹೊತ್ತು ಬೇಕಿತ್ತು. ಹಮ್ಮಾಮಿನಲ್ಲಿ ತಾಮು ಅವಳ ಬೆನ್ನು ನೋಡಿದಳು, ಅವತ್ತೇ ತನ್ನ ಮನೆಯ ಇನ್ನೊಂದು ಬೀಗದಕೈ ಕೊಟ್ಟಳಂತೆ. ಓದು ಬರಹ ಬಾರದ ಹೆಂಗಸು.

ಇನ್ನು ಗುರುವಾರದ ಸಂಜೆ. ಮಹಿಳಾ ದಿನದ ಮುನ್ನಾದಿನ, ಪ್ರದರ್ಶನಕ್ಕೆ ಬಂದವರಿಂದ ತುಂಬಿದ ಸಭಾಂಗಣ, ನಾನು ಹೊಸ ಕಫ್ತಾನು ತೊಟ್ಟಿದ್ದೆ. ಮುನೀರ್ ಬಂದ. ಇಪ್ಪತ್ತು ವರ್ಷದಲ್ಲಿ ನನ್ನ ಒಂದು ಉಪನ್ಯಾಸಕ್ಕೂ ಬಾರದ ಮಗ ಬಂದು ಹದಿನಾಲ್ಕನೆಯ ಮನೆಯ ಫಲಕದ ಮುಂದೆ ನಿಂತ, ನಿಂತೇ ಇದ್ದ. ನನ್ನ ಎದೆ ಉಬ್ಬಿತು. ಹತ್ತಿರ ಹೋದೆ.

"ಅಮ್ಮ, ಇದನ್ನ ಓದೋದು ಹೇಗೆ?" ಅಂದ.

"ನೋಡು, ಜನವರಿ ಇಪ್ಪತ್ತರ ತನಕ ದಿನಾ ಎರಡೇ ರೊಟ್ಟಿ. ಒಂಟಿ ಹೆಂಗಸು. ಇಪ್ಪತ್ತೊಂದರಿಂದ ನಾಲ್ಕು. ಯಾರೋ ಬಂದು ಸೇರ್ಕೊಂಡಿದಾರೆ."

"ಈ ಪುಟ್ಟದು?"

"ಅದು ಮಗೂಗೆ ಅಂತ ಮಾಡೋದು ಕಣೋ. ನಾನು ಶಾಮಾಗೆ ಮಾಡ್ತಿರ್ಲಿಲ್ವಾ?"

ಇಪ್ಪತ್ತು ಮತ್ತು ಇಪ್ಪತ್ತೊಂದು. ಎರಡು ತಾರೀಕೂ ನನ್ನ ತಲೆಯಲ್ಲಿದ್ದವು, ಒಂದನ್ನು ಇನ್ನೊಂದರ ಪಕ್ಕ ನಾನು ಇಟ್ಟು ನೋಡಿರಲಿಲ್ಲ. ಅವನು ನೋಡಿದ. ಬೀಗದಕೈಯ ಗುರುತನ್ನೂ ನೋಡಿದ. ಚಿಕ್ಕಂದಿನಲ್ಲಿ ದಿನಾ ಬೆಳಿಗ್ಗೆ ನಮ್ಮ ಹಲಗೆಯನ್ನು ಭಟ್ಟಿಗೆ ಹೊರುತ್ತಿದ್ದವನು ಅವನೇ, ಯಾವ ಗುರುತು ಯಾರದೆಂದು ಅವನಿಗೆ ಬಾಯಿಪಾಠ. ನನ್ನ ಹಣೆಗೆ ಮುತ್ತಿಟ್ಟು ಚೆನ್ನಾಗಿದೆ ಅಮ್ಮ ಎಂದ. ಅದೇ ಹೊತ್ತಿಗೆ ಕಂಬದ ಬಳಿ ಚಹಾ ಹಂಚುತ್ತಿದ್ದ ನೀನು ತಟ್ಟೆಯನ್ನು ನೆಲದ ಮೇಲಿಟ್ಟು ಓಡಿದೆ. ಅತಿಥಿಗಳನ್ನು ಬಿಟ್ಟು ಓಡಿದಳಲ್ಲ, ಶಿಸ್ತಿಲ್ಲದ ಹುಡುಗಿ ಎಂದು ಪಕ್ಕದಲ್ಲಿದ್ದವರಿಗೆ ಹೇಳಿದೆ. ಮುನೀರನಿಗೆ ನನ್ನ ಸಹೋದ್ಯೋಗಿಗಳನ್ನು ಪರಿಚಯ ಮಾಡಿಸುವುದು ಬಾಕಿ ಇತ್ತು, ಅವನನ್ನು ಅರ್ಧ ಗಂಟೆ ಹಿಡಿದು ನಿಲ್ಲಿಸಿದೆ. ಆ ಅರ್ಧ ಗಂಟೆಯೇ ಅವರಿಬ್ಬರನ್ನು ಉಳಿಸಿತು. ಅದರಲ್ಲಿ ನನ್ನ ಪುಣ್ಯ ಏನೂ ಇಲ್ಲ, ಮಗನನ್ನು ನಾಲ್ಕು ಜನಕ್ಕೆ ತೋರಿಸುವ ಆಸೆ ಅಷ್ಟೇ.

ಅವನು ತಾಮುವಿನ ಬಾಗಿಲು ಮುರಿದ. ಅಡ್ಡ ನಿಂತವಳ ಕೈ ಮುರಿದ. ಅವಳು ಆಸ್ಪತ್ರೆಯಲ್ಲಿ ಮೆಟ್ಟಿಲು ಜಾರಿ ಬಿದ್ದೆ ಎಂದು ಬರೆಸಿದ್ದಾಳೆ. ಪೊಲೀಸರು ಬಂದರೆ ನುಹೈಲಾ ಎಲ್ಲಿ ಎಂದು ಕೇಳುತ್ತಾರೆ, ಕೇಳಿದ್ದು ಗಂಡನ ಕಿವಿಗೆ ಬೀಳುತ್ತದೆ, ಅದಕ್ಕೆ. ನಾನು ಕಿತ್ತಳೆ ಹಣ್ಣು ಹಿಡಿದು ನೋಡಲು ಹೋದೆ. ಅವಳು ಗೋಡೆಯ ಕಡೆ ಮುಖ ತಿರುಗಿಸಿದಳು. ಹಣ್ಣನ್ನು ಪಕ್ಕದ ಹಾಸಿಗೆಯವಳಿಗೆ ಕೊಟ್ಟು ಬಂದೆ.

ಬರುವ ದಾರಿಯಲ್ಲಿ ಭಟ್ಟಿ. ಸಿ ಅಲ್ಲಾಲ್ ಉದ್ದ ಹಿಡಿಯ ಸಲಿಕೆಯನ್ನು ಗೋಡೆಗೆ ಒರಗಿಸಿ ಹೊರಗೆ ಬಂದರು. ನನ್ನನ್ನು ಕೂರಿ ಎನ್ನಲಿಲ್ಲ.

"ಲಾಲಾ, ನಲವತ್ತು ವರ್ಷದಿಂದ ಈ ಬೀದಿ ರೊಟ್ಟಿ ಬೇಯಿಸ್ತಿದೀನಿ," ಎಂದರು. "ಯಾರ ಮನೇಲಿ ಎಷ್ಟು ಬಾಯಿ ಅಂತ ನನ್ನ ಹೆಂಡ್ತಿಗೂ ಹೇಳಿಲ್ಲ. ಆ ಹುಡುಗಿ ಬಂದು ಕೂತ್ಕೊಂಡಾಗ, ನಿಮ್ಮ ಶಿಷ್ಯೆ ಅಂತ ಕೂರಿಸ್ಕೊಂಡೆ. ನೀವು ಅದನ್ನ ಗೋಡೆ ಮೇಲೆ ಹಾಕಿದ್ರಿ."

ಶುಕ್ರವಾರದಿಂದ ಭಟ್ಟಿಗೆ ಯಾರೂ ಗುರುತು ಹಾಕಿ ಹಿಟ್ಟು ಕಳಿಸುತ್ತಿಲ್ಲವಂತೆ. ಹೆಂಗಸರು ತಾವೇ ಬಂದು ಕಾದು ನಿಂತು ತಮ್ಮ ರೊಟ್ಟಿ ತಾವೇ ಎತ್ತಿಕೊಂಡು ಹೋಗುತ್ತಾರೆ. ನಾನು ಹೋದರೆ ಮಾತು ನಿಲ್ಲಿಸುತ್ತಾರೆ. ಫಲಕ ಇಳಿಸಿದ್ದೇನೆ, ಪತ್ರಿಕೆಗೆ ಕಳಿಸಿದ್ದ ಲೇಖನ ಹಿಂದಕ್ಕೆ ತರಿಸಿದ್ದೇನೆ, ನಿನ್ನ ಹೆಸರು ತೆಗೆಸಿದ್ದೇನೆ. ಇದರಿಂದ ಯಾವ ಬಾಗಿಲೂ ರಿಪೇರಿ ಆಗುವುದಿಲ್ಲ ಎಂದು ಗೊತ್ತು.

ಮಗಳೇ, ನಾನು ಯಾರ ಮುಂದೆಯೂ ಕೈಯೊಡ್ಡಿದವಳಲ್ಲ. ಈಗ ಒಡ್ಡುತ್ತಿದ್ದೇನೆ. ಅನ್ನ ನೀರು ಸೇರುತ್ತಿಲ್ಲ. ಶಾಮಾಗೆ ಹಾಲು ಹಾಕದ ಚಹಾ ಕೊಟ್ಟರೆ ಹೊಟ್ಟೆ ನೋಯುತ್ತದೆ, ಯಾರಾದರೂ ನೆನಪಿಟ್ಟುಕೊಂಡಿದ್ದಾರೋ ಇಲ್ಲವೋ. ನುಹೈಲಾ ನನ್ನ ಮುಖ ನೋಡದಿದ್ದರೂ ಸರಿ. ದುಡ್ಡು, ಬಟ್ಟೆ, ವಕೀಲ, ಏನು ಬೇಕೋ ಬಾಗಿಲಲ್ಲಿಟ್ಟು ತಿರುಗಿ ನೋಡದೆ ಬರುತ್ತೇನೆ. ಮುನೀರನಿಗೆ ಒಂದಕ್ಷರ ತಿಳಿಯುವುದಿಲ್ಲ, ನನ್ನ ತಾಯಿಯಾಣೆ. ಎಲ್ಲಿದ್ದಾರೆ ಎಂದಷ್ಟು ಬರೆ.

ನಿನ್ನ ಕ್ಷಮೆ ಕೇಳುವ ಯೋಗ್ಯತೆ ಇಲ್ಲದ,
ಕೆಂಝಾ

ಮತ್ತೆ: ಲಕೋಟೆಗೆ ಹಾಕಿದ ಕಾಗದವನ್ನು ಮತ್ತೆ ತೆಗೆದಿದ್ದೇನೆ. ಮುನೀರ್ ಮಧ್ಯಾಹ್ನವೇ ರಬಾತಿನಿಂದ ಬಂದ. ಅಡುಗೆಮನೆಯ ನೆಲದ ಮೇಲೆ ಕೂತು ನನ್ನ ಮಡಿಲಲ್ಲಿ ತಲೆಯಿಟ್ಟು ಅತ್ತ. ಮಗುವನ್ನು ಒಂದು ಸಲ ತೋರಿಸು, ಸಾಕು ಎಂದ. ನಾನು ಅವನ ತಲೆ ಸವರಿದೆ. ಹೆತ್ತವರಿಗೆ ಹೆಗ್ಗಣ ಮುದ್ದು, ಏನು ಮಾಡಲಿ. ಆಮೇಲೆ ಮೇಜಿನ ಕಡೆ ನೋಡಿ, ಯಾರಿಗಮ್ಮ ಕಾಗದ ಎಂದ. ಬತೂಲ್‌ಗೆ ಎಂದೆ. ಆ ಹುಡುಗಿಗೆ ಗೊತ್ತಾ ಎಂದ. ನಾನು ಸುಮ್ಮನಿದ್ದೆ. ನಾನು ಸುಮ್ಮನಿದ್ದರೆ ಏನರ್ಥ ಎಂದು ಅವನಿಗೆ ಚಿಕ್ಕಂದಿನಿಂದ ಗೊತ್ತು. ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದ. ಇದನ್ನು ಹಿಡಿದು ನಿನ್ನ ತಾಯಿಯ ಬಳಿಗೆ ನಾನು ಬರುವುದಿಲ್ಲ, ಅವನು ಹಿಂಬಾಲಿಸಬಹುದು. ಸಿ ಅಲ್ಲಾಲರ ಕೈಗೆ ಕೊಡುತ್ತೇನೆ. ನಿನ್ನ ತಾಯಿಯನ್ನೂ ಬೇರೆ ಕಡೆ ಕಳಿಸು, ಇವತ್ತೇ. ಅವರಿಬ್ಬರನ್ನು ಈಗಿರುವ ಜಾಗದಿಂದ ಎಬ್ಬಿಸು. ಮೇಲೆ ಬರೆದ ಆಣೆಯನ್ನು ನಂಬಬೇಡ, ಅದಕ್ಕೆ ಬೆಲೆಯಿಲ್ಲ ಎಂದು ಈಗಷ್ಟೇ ನೋಡಿದೆ. ಎಲ್ಲಿಗೆ ಹೋದಿರಿ ಎಂದು ನನಗೆ ತಿಳಿಸಬೇಡ. ಇನ್ನು ಮುಂದೆ ನಾನು ಎಷ್ಟು ಅತ್ತು ಬರೆದರೂ ತಿಳಿಸಬೇಡ.