ಹೊಟ್ಟೆಗೂ ಒಂದು ಬಾಡಿ

ನಮ್ಮ ಮನೆಯಾಕೆ ಸುಧಾಳಿಗೆ,

ಮೊನ್ನೆ ಕೊಂಢವಾ ಬಡಾವಣೆಯ ದವಾಖಾನೆಯಲ್ಲಿ ನನ್ನ ಗಂಟಲಿಗೂ ಹೊಟ್ಟೆಯೊಳಗೆ ನೋಡುವ ಆ ಪೈಪು ಇಳಿಸಿದರು. ಪ್ಲಾಸ್ಟಿಕ್ ಉಂಗುರ ಕಚ್ಚಿಸಿ ಎಡಮಗ್ಗುಲಿಗೆ ಮಲಗಿಸಿದಾಗ ನೀನೇ ನೆನಪಾದೆ. ನಿನಗೆ ಮಾಡಿದ ದಿನ ಹೊರಗೆ ಬಂದು, "ಇವತ್ತೆಲ್ಲಾ ನೀವ ಮಾತಾಡ್ರಿ, ನನ್ನ ಗಂಟಲಾ ಹೋಗೇದ" ಅಂದಿದ್ದೆಯಲ್ಲ. ಈಗ ನಾನೊಬ್ಬನೇ ಮಾತಾಡುತ್ತಿದ್ದೇನೆ. ಕೇಳುವವರು...

ಡಾಕ್ಟರು ಸಣ್ಣ ವಯಸ್ಸಿನ ಮರಾಠಿ ಹುಡುಗಿ. ತಾಯಿ ಬೆಳಗಾವಿಯವರಂತೆ, ಹಾಗಾಗಿ ನಮ್ಮ ಕನ್ನಡ ಬರುತ್ತದೆ. ಆಸಿಡಿಟಿ ಮಾತ್ರೆ ತಗೊಳ್ಳುತ್ತೀರಾ ಎಂದು ಪೈಪು ಇಳಿಸುವ ಮೊದಲೇ ಕೇಳಿದಳು. ವರ್ಷಗಟ್ಟಲೆ ನುಂಗಿದ್ದೇನೆ ಎಂದೆ, ನೀನು ನುಂಗುತ್ತಿದ್ದವೇ. ಆ ಮಾತ್ರೆಗೆ ಹೊಟ್ಟೆಯ ಹುಳ, ಅದೇ ಹುಣ್ಣಿಗೂ, ಹಾಗೇ ಬಿಟ್ಟರೆ ಕ್ಯಾನ್ಸರಿಗೂ ದಾರಿ ಮಾಡುವ ಬ್ಯಾಕ್ಟೀರಿಯಾ, ಕೆಳಗಿನ ತುದಿ ಬಿಟ್ಟು ಮೇಲೆ ಹತ್ತಿ ಕೂರುತ್ತದಂತೆ. ಪರೀಕ್ಷೆಗೆ ಒಂದೇ ಜಾಗದ ಚೂರು ಚಿವುಟಿದರೆ ಸಿಕ್ಕದೆಯೂ ಹೋಗಬಹುದಂತೆ.

"ಕೆಳಗ ಆಂಟ್ರಮ್‌ನಿಂದನೂ ತಗೋತೀನಿ, ಮ್ಯಾಲೆ ಬಾಡಿಯಿಂದನೂ ತಗೋತೀನ್ರಿ ಕಾಕಾ."

ಬಾಡಿ ಎಂದದ್ದಕ್ಕೆ ನಾನು ಎದ್ದೇ ಕೂತೆ. ಕಾಲೇಜಿನಲ್ಲಿ 'ಸೌಂಡ್ ಮೈಂಡ್ ಇನ್ ಎ ಸೌಂಡ್ ಬಾಡಿ' ಅಂತ ಏನೋ ಪ್ರಬಂಧ ಬರೆದಿದ್ದೆ, ಮುಂದಿನದು ಮರೆತಿದೆ. ಅದಲ್ಲ ನೆನಪಾದದ್ದು. ನಿನ್ನ ಕೊನೆಯ ಬೆಳಿಗ್ಗೆ ವಾರ್ಡಿನವನು ಬಂದು ಬಾಡಿ ಯಾವಾಗ ಒಯ್ಯುತ್ತೀರಿ ಎಂದು ಕೇಳಿದ. ಯಾರ ಬಾಡಿ ಎಂದು ನಾನು ಅವನನ್ನೇ ಕೇಳಿದೆ.

"ಹೆದರಬ್ಯಾಡ್ರಿ," ಎಂದಳು ಹುಡುಗಿ. "ಹೊಟ್ಟಿಗೂ ಒಂದು ಬಾಡಿ ಇರ್ತದ."

ನಿನ್ನ ರಿಪೋರ್ಟು ನಾನೇ ಓದಿ ಹೇಳಿದ್ದು ನೆನಪಿದೆಯಾ? ಆಂಟ್ರಮ್, ನೆಗೆಟಿವ್. ಇಷ್ಟೇ ಇತ್ತು. ನೆಗೆಟಿವ್ ಅಂದ್ರ ಇಲ್ಲ ಅಂತ, ಖುಷಿ ಪಡು ಎಂದೆ. ನೀನು ಎದೆ ಒತ್ತಿಕೊಂಡು, "ಇಲ್ಲಂದ್ರ ಉರಿ ಎಲ್ಲಿಂದ ಬರ್ತದ್ರಿ? ನಿಮ್ಮ ಇಂಗ್ಲಿಷಿನಾಗ ಅದಕ್ಕೂ ಒಂದು ಶಬ್ದ ಹುಡುಕ್ರಿ" ಎಂದೆ. ಇಬ್ಬರೂ ನಕ್ಕೆವು. ಮೇಲಿನಿಂದ ಯಾರೂ ಚೂರು ತೆಗೆದಿರಲಿಲ್ಲ. ತೆಗೆಯುವುದಿದೆ ಅಂತ ನಮಗಾದರೂ ಏನು ಗೊತ್ತು? ಮುಂದೆ ಕ್ಯಾನ್ಸರ್ ಎಂದಾಗ ಅದು ಹೊಟ್ಟೆಯೆಲ್ಲಾ ಹಬ್ಬಿ, ಕೊಯ್ದು ತೆಗೆಯುವ ಹಾಗೆ ಉಳಿದಿರಲಿಲ್ಲ.

ನಿನ್ನೆ ನನ್ನದು ಬಂತು. ಆಂಟ್ರಮ್ ನೆಗೆಟಿವ್, ಬಾಡಿ ಪಾಸಿಟಿವ್. ಕೂಡಿ ಉಂಡವರಿಗೆ ಈ ಹುಳ ಒಬ್ಬರಿಂದೊಬ್ಬರಿಗೆ ಬರುವುದುಂಟಂತೆ. ನಿನ್ನ ಸಾರಿನ ಸೌಟು ಕಣ್ಣಮುಂದೆ ಬಂತು. ಉಪ್ಪು ನೋಡ್ರಿ ಎಂದು ನನ್ನ ಬಾಯಿಗೆ ಹಿಡಿದು, ನನ್ನ ನಾಲಿಗೆ ನಂಬದೆ ಅದೇ ಸೌಟನ್ನು ನೀನೂ ಹೀರುತ್ತಿದ್ದೆ. ಯಾರಿಂದ ಯಾರಿಗೆ ಬಂತು, ಸುಧಾ? ಹಾಗಾದರೆ ನಿನಗೂ ಮೇಲಿನಿಂದ ತೆಗೆದಿದ್ದರೆ... ಡಾಕ್ಟರಿಗೆ ಕೇಳಿಯೇಬಿಟ್ಟೆ.

"ಈಗ ಹೇಳಾಕ ಬರೂದಿಲ್ರಿ ಕಾಕಾ."

ಮಾತ್ರೆಗಳ ಪೊಟ್ಟಣ ಉಪ್ಪಿನ ಡಬ್ಬಿಯ ಪಕ್ಕ ಇಟ್ಟಿದ್ದೇನೆ. ಎರಡು ವಾರ ನುಂಗಿದರೆ ಹುಳ ಸಾಯುತ್ತದಂತೆ. ನಿನ್ನ ಎಂಜಲಿನದು ಇನ್ನೂ ಜೀವಂತ ಇರುವುದು ಇದೊಂದೇ ಏನೋ. ನಾನು ಬದುಕಿ ಮಾಡುವುದೇನಿದೆ ಎಂದೂ ಅನ್ನಿಸುತ್ತದೆ. ಆದರೂ ಆ ಹುಡುಗಿಗೆ ಮಾತು ಕೊಟ್ಟು ಬಂದಿದ್ದೇನೆ, ನುಂಗುತ್ತೇನೆ. ಆಮೇಲೆ ಮತ್ತೆ ಪರೀಕ್ಷೆ. ನೆಗೆಟಿವ್ ಎಂದೇ ಬರುತ್ತದಂತೆ.

ನೆಗೆಟಿವ್ ಅಂದ್ರ ಇಲ್ಲ ಅಂತ. ಈ ಸಲ ಯಾರಿಗೆ ಓದಿ ಹೇಳಲಿ?