ಮುಟ್ಟದೆ ಹಾಕಿದ ಸಹಿ

ಮನೆ, ಮಾರ್ಚ್ ಹದಿನೇಳು, ಮಂಗಳವಾರ
ಮಧ್ಯಾಹ್ನ, ಮಗು ಮಲಗಿದ ಹೊತ್ತು

ಪ್ರೀತಿಯ ಅಪ್ಪಾ,

ಹೇಗಿದ್ದೀಯ? ಮಂಡಿ ನೋವು ಹೇಗಿದೆ? ಅತ್ತೆಯ ಮನೆಯ ಮೆಟ್ಟಿಲುಗಳನ್ನು ಒಂದೇ ಉಸಿರಿಗೆ ಹತ್ತಿ ನಿನ್ನ ತಂಗಿಯ ಮುಂದೆ ಶೌರ್ಯ ತೋರಿಸುತ್ತಿಲ್ಲ ತಾನೆ? ಫೋನ್ ಇದ್ದೂ ಕಾಗದ ಯಾಕೆ ಅನ್ನುತ್ತೀಯ. ಫೋನಿನಲ್ಲಿ ನೀನು ಮೊದಲು ಕೇಳುವುದೇ "ನಿದ್ದೆ ಆಯ್ತಾ?" ಎಂದು. ನಾನು ಆಯ್ತು ಅಂದುಬಿಡುತ್ತೇನೆ, ಮಾತು ಅಲ್ಲಿಗೇ ಮುಗಿದುಹೋಗುತ್ತದೆ. ಕಾಗದದಲ್ಲಿ ಸುಳ್ಳು ಬರೆಯಲು ಹೆಚ್ಚು ಹೊತ್ತು ಬೇಕು. ನನಗೆ ಅಷ್ಟು ಬಿಡುವಿಲ್ಲ.

ಮೊಮ್ಮಗನಿಗೆ ಹನ್ನೊಂದು ತಿಂಗಳು ತುಂಬಿತು. ಎರಡು ಹಲ್ಲು ಬಂದಿವೆ, ಎರಡನ್ನೂ ನನ್ನ ಭುಜದ ಮೇಲೆಯೇ ಪರೀಕ್ಷೆ ಮಾಡುತ್ತಾನೆ. ಕುರ್ಚಿ ಹಿಡಿದು ನಿಲ್ಲುತ್ತಾನೆ. ಕೂರುವುದು ಹೇಗೆಂದು ಗೊತ್ತಿಲ್ಲದೆ ನಿಂತಲ್ಲೇ ಅಳುತ್ತಾನೆ. ನನ್ನ ಅಳುವಿಗೆ ನೀನು "ಹಾರ್ನ್" ಎಂದು ಹೆಸರಿಟ್ಟಿದ್ದೆಯಲ್ಲ, ಇವನು ಅದಕ್ಕಿಂತ ಒಂದು ಸುತ್ತು ಜಾಸ್ತಿ. ನಿನ್ನ ಅಳಿಯ ಕೋಲ್ಡ್ ಸ್ಟೋರೇಜಿನ ಪಾಳಿಗೆ ಬೆಳಗಿನ ಐದಕ್ಕೇ ಹೊರಡುತ್ತಾರೆ, ಬರುವಾಗ ಕೈ ಮಂಜುಗಡ್ಡೆ. ಅಷ್ಟರ ನಡುವೆ ಇಡೀ ದಿನ ನಾವಿಬ್ಬರೇ. ಅವನು ಉಸಿರಾಡುತ್ತಿದ್ದಾನೋ ಇಲ್ಲವೋ ಎಂದು ಎದ್ದೆದ್ದು ನೋಡುವುದು ನನಗೆ ಇನ್ನೂ ಬಿಟ್ಟಿಲ್ಲ. ಓದಿದವಳು, ಪುಸ್ತಕದಲ್ಲಿ ಬರೆದದ್ದೆಲ್ಲ ಗೊತ್ತು. ಗೊತ್ತಿದ್ದು ಏನು ಮಾಡುವುದು?

ಮೊನ್ನೆಯಿಂದ ನಿನ್ನ ಬಸ್ಸು ನೆನಪಾಗುತ್ತಿದೆ. ಡಿಪೋದಿಂದ ಗಾಡಿ ತೆಗೆಯುವ ಮುಂಚೆ ಐದನ್ನು ಮುಟ್ಟುತ್ತಿದ್ದೆ: ಟೈರು, ಎಣ್ಣೆ, ನೀರು, ಬ್ರೇಕು, ದೀಪ. ಮುಟ್ಟಿದ ಮೇಲೆಯೇ ಹಾಳೆಗೆ ಸಹಿ. ರಜೆಯಲ್ಲಿ ನನ್ನನ್ನೂ ಸುತ್ತಿಸುತ್ತಿದ್ದೆ. "ಕಣ್ಣಲ್ಲಿ ನೋಡಿದ್ರೆ ಸಾಲದು ಕಣೇ, ಕೈಯಲ್ಲಿ ಮುಟ್ಟು" ಅನ್ನುತ್ತಿದ್ದೆ. ಮನೆಯಲ್ಲೂ ನಮಗೆ ಐದಿದ್ದವು. ಎದ್ದ ಕೂಡಲೇ ಒಂದು ಚೊಂಬು ನೀರು, ಮೈದಾನದ ಸುತ್ತ ನಡಿಗೆ, ಸ್ನಾನ, ಹೊತ್ತಿಗೆ ತಿಂಡಿ, ಹತ್ತಕ್ಕೆ ಹಾಸಿಗೆ. ಅಮ್ಮ ನಗುತ್ತಿದ್ದಳು, ಮನೆಯಲ್ಲಿ ಇರೋದೂ ಒಂದೇ, ಡಿಪೋದಲ್ಲಿ ಇರೋದೂ ಒಂದೇ ಎಂದು.

ಅಮ್ಮ ಹೋದ ಮೇಲೆ ನೀನು ಸಂಜೆ ಎರಡು ಪೆಗ್ ಶುರು ಮಾಡಿದೆ. ಎರಡೇ. ಒಂದು ದಿನವೂ ತೂರಾಡಲಿಲ್ಲ, ಕೂಗಾಡಲಿಲ್ಲ. ಅದಕ್ಕೇ ನಾವು ಯಾರೂ ಅದಕ್ಕೆ ಹೆಸರಿಡಲಿಲ್ಲ. ಆದರೆ ನಾನು ಎಣಿಸುತ್ತಿದ್ದೆ ಅಪ್ಪಾ. ಮೊದಲು ನಡಿಗೆ ಹೋಯಿತು. ತಿಂಡಿ ಹೋಗಿ ಬರೀ ಚಹಾ ಉಳಿಯಿತು. ಗಡ್ಡ ಮೂರು ದಿನಕ್ಕೊಮ್ಮೆ. ಚೊಂಬು ಹಾಸಿಗೆಯ ಪಕ್ಕ ತುಂಬಿದ್ದು ತುಂಬಿದ ಹಾಗೇ. ಕೊನೆಗೆ ಆ ಬೆಳಿಗ್ಗೆ. ಸೀಟಿನಲ್ಲಿ ಕೂತೇ ಹಾಳೆಗೆ ಸಹಿ ಹಾಕಿದ್ದೆ, ಹಿಂದಿನ ಚಕ್ರದ ನಟ್ಟು ಸಡಿಲವಾಗಿದ್ದನ್ನು ಕಂಡಕ್ಟರ್ ಕಂಡ. ಯಾರಿಗೂ ಏನೂ ಆಗಲಿಲ್ಲ, ನಿನ್ನನ್ನು ಯಾರೂ ಏನೂ ಕೇಳಲೂ ಇಲ್ಲ. ನೀನೇ ಒಳಗೆ ಹೋಗಿ ಮೇಜಿನ ಮೇಲೆ ಕೀಲಿ ಇಟ್ಟು ಹೇಳಿದೆಯಂತೆ: "ಇವತ್ತು ನಾನು ಗಾಡಿ ತೆಗೆಯಲ್ಲ. ಮುಟ್ಟದೆ ಸಹಿ ಹಾಕಿದೀನಿ."

ಆ ಸಂಜೆ ನಾನು ಅಂದದ್ದು ನಿನಗೆ ನೆನಪಿರಬಹುದು. "ಊರಿಗೆಲ್ಲ ನೀನೇ ಡಂಗುರ ಹೊಡೆದು ಬಂದ ಹಾಗಾಯ್ತಲ್ಲ." ಕಾಲೇಜಿಗೆ ಹೋಗುವ ಮಗಳು, ನಾಚಿಕೆ. ನೀನು ತಟ್ಟೆ ತೊಳೆದಿಟ್ಟು ಹೋಗಿ ಮಲಗಿದೆ. ಹತ್ತು ವರ್ಷವಾಯಿತು, ಆ ಮಾತನ್ನು ನಾನು ಹಿಂದಕ್ಕೆ ತಗೊಂಡಿಲ್ಲ. ಕ್ಷಮಿಸು.

ಇನ್ನು ನನ್ನ ವಿಷಯ. ಎದೆಹಾಲು ಬಿಡಿಸಿದ ಮೇಲೆ, ನಿದ್ದೆಯಿಲ್ಲ ಎಂದು ಗೋಳಾಡಿದ್ದಕ್ಕೆ ಹಳೆಯ ಆಫೀಸಿನ ಗೆಳತಿ ಅಂದಳು, ಒಂದು ಸಣ್ಣ ಗ್ಲಾಸ್ ವೈನ್ ತಗೊಂಡು ನೋಡು ಎಂದು. ನೋಡಿದೆ. ನಿದ್ದೆ ಬಂತು, ಬೆಳಗಿನ ಜಾವ ಮೂರಕ್ಕೆ ಹೋಯಿತು. ಆಮೇಲೆ ಗ್ಲಾಸು ಸಣ್ಣದಾಗಿ ಉಳಿಯಲಿಲ್ಲ. ಎರಡು ತಿಂಗಳಾಯಿತು. ಮಗುವನ್ನು ತಳ್ಳುವ ಗಾಡಿಯಲ್ಲಿ ಕೂರಿಸಿಕೊಂಡು ಬೆಳಿಗ್ಗೆ ಪಾರ್ಕಿಗೆ ಹೋಗುತ್ತಿದ್ದೆನಲ್ಲ, ಅದು ನಿಂತಿತು. ತಿಂಡಿಯೆಂದರೆ ಅವನು ಬಿಟ್ಟ ಬಾಳೆಹಣ್ಣು. ಸ್ನಾನ ಮಧ್ಯಾಹ್ನಕ್ಕೆ, ಕೆಲವು ದಿನ ಅದೂ ಇಲ್ಲ. ಮನೆಯಲ್ಲಿ ಯಾರಿಗೂ ಏನೂ ಕಾಣುವುದಿಲ್ಲ. ಅತಿಥಿಗಳಿಗೆಂದು ತಂದಿಟ್ಟ ಬಾಟಲಿಗಳನ್ನು ಬಾರದ ಅತಿಥಿಗಳೇ ಖಾಲಿ ಮಾಡುತ್ತಿದ್ದಾರೆ ಎಂದು ನಿನ್ನ ಅಳಿಯ ತಮಾಷೆ ಮಾಡುತ್ತಾರೆ. ನಾನೂ ನಗುತ್ತೇನೆ.

ಮೊನ್ನೆ ಏನಾಯಿತೆಂದರೆ, ಮಗುವಿನ ವಿಟಮಿನ್ ಹನಿ. ದಿನಕ್ಕೊಮ್ಮೆ ಕೊಡಬೇಕು, ಮರೆಯಬಾರದೆಂದು ಫ್ರಿಜ್ ಬಾಗಿಲಿಗೆ ಹಾಳೆ ಅಂಟಿಸಿ ಟಿಕ್ ಹಾಕುತ್ತೇನೆ. ಹಳೆಯದು ಮುಗಿದು ಹೊಸ ಬಾಟಲಿ ತಂದು ಒಂಬತ್ತು ದಿನ. ಹಾಳೆಯಲ್ಲಿ ಒಂಬತ್ತು ಟಿಕ್, ಎಲ್ಲ ನನ್ನವೇ, ನೀಟಾಗಿ. ಮೊನ್ನೆ ಬಾಟಲಿ ಕೈಗೆತ್ತಿಕೊಂಡರೆ ಮುಚ್ಚಳದ ಸೀಲೇ ಒಡೆದಿಲ್ಲ.

ಡಾಕ್ಟರಿಗೆ ಫೋನ್ ಮಾಡಿದೆ. ಒಂಬತ್ತು ದಿನ ತಪ್ಪಿದರೆ ಏನೂ ಆಗುವುದಿಲ್ಲ, ಇವತ್ತಿನಿಂದ ಕೊಡಿ ಅಂದರು. ನಟ್ಟು ಸಡಿಲ, ಅಷ್ಟೇ. ಯಾರಿಗೂ ಏನೂ ಆಗಿಲ್ಲ.

ಅತ್ತೆಗೆ ನನ್ನ ನಮಸ್ಕಾರ ಹೇಳು, ಅವರ ಕುಂಡಗಳಿಗೆ ಅತಿಯಾಗಿ ನೀರು ಹಾಕಬೇಡ. ನಿನ್ನ ಮಂಡಿಗೆ ಮೊಮ್ಮಗನ ಎರಡು ಹಲ್ಲಿನ ಮುತ್ತು.

ನಿನ್ನ
ಹಾರ್ನ್

ಮರೆತ ಮಾತು (ಮರೆತಿರಲಿಲ್ಲ, ಬಿಡು): ಮಗು ಎದ್ದಿತು, ಬೇಗ ಬರೆಯುತ್ತೇನೆ. ಅಪ್ಪಾ, ನಾನು ಗಾಡಿ ತೆಗೆಯಲ್ಲ. ನನ್ನೊಬ್ಬಳಿಂದ ಆಗುವುದಿಲ್ಲ. ನಿನ್ನ ಅಳಿಯನಿಗೆ ಇವತ್ತು ಸಂಜೆ ಹೇಳುತ್ತೇನೆ. ನೀನು ಬಂದು ಸ್ವಲ್ಪ ದಿನ ಜೊತೆಗಿರು. ಕುಡಿಯುವುದನ್ನು ಹೇಗೆ ಬಿಟ್ಟೆ ಎಂದು ನಿನ್ನನ್ನು ಯಾವತ್ತೂ ಕೇಳಲಿಲ್ಲ, ಈಗ ಕೇಳಬೇಕು. ಉಳಿದ ವೈನನ್ನು ಸಿಂಕಿಗೆ ಸುರಿದೆ ಎಂದು ಬರೆಯೋಣ ಅನ್ನಿಸಿತು. ಸುರಿದಿಲ್ಲ. ನೀನು ಪಕ್ಕದಲ್ಲಿ ನಿಂತರೆ ಸುರಿಯುತ್ತೇನೆ. ಬೆಳಗಿನ ಬಸ್ಸಿಗೇ ಬಾ. ಡ್ರೈವರಿಗೆ ಬುದ್ಧಿ ಹೇಳದೆ ಕಿಟಕಿ ಪಕ್ಕ ಸುಮ್ಮನೆ ಕೂತು ಬಾ.