ಆಯ್ತು ಅಂದ ಮಾತು

ಆಸ್ಪತ್ರೆಯ ಎರಡನೇ ಮಹಡಿ,
ಜೂನ್ ಹನ್ನೊಂದು, ಬುಧವಾರ ಮಧ್ಯಾಹ್ನ

ಪ್ರೀತಿಯ ನಿಮಗೆ,

ರೀ, ಹೇಗಿದ್ದೀರಿ? ಬೆನ್ನುನೋವು ಕಡಿಮೆಯಾಗಿದೆಯಾ? ಆ ಇಂಜಿನ್ ರೂಮಿನ ಸೆಖೆಯಲ್ಲಿ ನೀರು ಕುಡಿಯೋದನ್ನ ಮರೀಬೇಡಿ, ಮರೀತೀರಿ, ನಂಗೊತ್ತು. ಮಗಳು ಚೆನ್ನಾಗಿದ್ದಾಳೆ. ಮುಂದಿನ ಹಲ್ಲು ಬಿದ್ದಿದೆ, ಅಪ್ಪ ಬರೋವರೆಗೆ ನಗಲ್ಲ ಅಂತ ಬಾಯಿ ಮುಚ್ಚಿಕೊಂಡು ಓಡಾಡ್ತಾಳೆ. ಹಡಗಿನ ಫೋನು ಎಷ್ಟು ಸಲ ಮಾಡಿದ್ರೂ ಸಿಗಲಿಲ್ಲ. ನಿಮ್ಮ ಕಂಪನಿ ಆಫೀಸಿನವರು, ಬರೆದುಕೊಡಿ, ಫೋಟೋ ತೆಗೆದು ಹಡಗಿಗೆ ಮುಟ್ಟಿಸ್ತೀವಿ ಅಂದ್ರು. ಅದಕ್ಕೇ ಈ ಪತ್ರ. ಒಂದು ಕಡೆ ಕೂತ್ಕೊಂಡು ಓದಿ.

ಭಾವನಿಗೆ ಪೆಟ್ಟಾಗಿದೆ. ಲಿಫ್ಟಿನ ತಳದ ಹಳ್ಳದಲ್ಲಿ ಕೆಲಸ ಮಾಡ್ತಿದ್ದಾಗ ಲಿಫ್ಟು ಕೆಳಗಿಳಿದುಬಿಡ್ತು. ಜೀವ ಇದೆ. ಬಲಗಾಲನ್ನ ಮಂಡಿಯ ಕೆಳಗೆ ತೆಗೆದಿದ್ದಾರೆ.

ನಿಮ್ಮ ಅಣ್ಣ ಎಷ್ಟು ಹುಷಾರಿನ ಮನುಷ್ಯ, ಹೇಗಾಯ್ತು ಅಂತ ಕೇಳೇ ಕೇಳ್ತೀರಿ. ನನ್ನ ಕೆಲಸ ನಿಮಗೆ ಗೊತ್ತಲ್ಲ, ಲಿಫ್ಟ್ ರಿಪೇರಿಯ ಒಂದೊಂದು ಕೆಲಸಕ್ಕೂ ಕಂಪ್ಯೂಟರಿನಲ್ಲಿ ಒಂದೊಂದು ಚೀಟಿ. ಎಲ್ಲರಿಗೂ ಫೋನ್ ಮಾಡಿ, ಪ್ರಾಣ ತಿಂದು, ಬೈಸಿಕೊಂಡು, ಮುಗಿದ ಚೀಟಿಯನ್ನ ‘ಮುಗಿದಿದೆ’ ಅನ್ನೋ ಸಾಲಿಗೆ ತಳ್ಳಬೇಕು. ಆಮೇಲೆ ಮುಂದಿನವನಿಗೆ ಇನ್ನು ನೀನು ಶುರು ಮಾಡು ಅನ್ನಬೇಕು. ನೀವು ಹಡಗು ಹತ್ತಿದ ಮೇಲೆ ಮ್ಯಾನೇಜರು ಒಂದು ಎಐ ಸಹಾಯಕನನ್ನ ತಂದು ಆ ಸಾಫ್ಟ್‌ವೇರಿಗೆ ಜೋಡಿಸಿದ್ರು. ಕೆಲಸದವರ ಮೆಸೇಜನ್ನ ಅದೇ ಓದುತ್ತೆ, ಅದೇ ಚೀಟಿ ತಳ್ಳುತ್ತೆ, ಅದೇ ಮುಂದಿನವನಿಗೆ ಹೇಳುತ್ತೆ. ನನ್ನನ್ನ ಬಿಲ್ಲುಗಳ ಮೇಜಿಗೆ ಕೂರಿಸಿದ್ರು. ಎಲ್ಲರೂ ಅದಕ್ಕೆ ಹೊಸ ಮೇಸ್ತ್ರಿ ಅಂತ ಹೆಸರಿಟ್ರು. ‘ಈ ಮೇಸ್ತ್ರಿ ಟೀ ಕೇಳಲ್ಲ, ರಜೆ ಕೇಳಲ್ಲ, ಬೈದ್ರೆ ಮುಖ ಊದಿಸ್ಕೊಳ್ಳಲ್ಲ, ನಿನಗಿಂತ ವಾಸಿ ಕಣಮ್ಮಾ’ ಅಂತ ಭಾವ ರೇಗಿಸ್ತಿದ್ರು. ಸುಳ್ಳು ಯಾಕೆ ಹೇಳಲಿ, ಚೆನ್ನಾಗೇ ಮಾಡ್ತಿತ್ತು. ನಾನೂ ಸಂಜೆ ಬೇಗ ಮನೆ ಸೇರ್ತಿದ್ದೆ. ಕರೆಂಟ್ ತೆಗೆಯೋ ಚೀಟಿಗಳನ್ನ ಮಾತ್ರ ಮನುಷ್ಯರೇ ಕೇಳಿ ತಳ್ಳಲಿ ಸಾರ್ ಅಂತ ಮ್ಯಾನೇಜರಿಗೆ ಹೇಳಿದ್ದೆ. ‘ನೋಡೋಣ’ ಅಂದಿದ್ರು. ನೋಡೋಣ ಅಂದ್ರೆ ನೋಡಲ್ಲ ಅಂತ ಅಲ್ವಾ.

ಶುಕ್ರವಾರ, ಹಳ್ಳದೊಳಗಿಂದಲೇ ಲಿಫ್ಟ್ ನಿಲ್ಲಿಸೋ ಸ್ವಿಚ್ಚೇ ಕೆಟ್ಟಿತ್ತು, ಅದನ್ನ ಬದಲಾಯಿಸೋಕೆ ಭಾವ ಹೋಗಿದ್ದು. ಮೊದಲು ಮೇನ್ ತೆಗೆದು ಬೀಗ ಹಾಕು ಅಂತ ಹೊಸ ಮೇಸ್ತ್ರಿ ವೈರಣ್ಣನಿಗೆ ಹೇಳ್ತು. ಅದೇ, ನರೆತ ಮೀಸೆಯ ಎಲೆಕ್ಟ್ರಿಷಿಯನ್, ನಿಮ್ಮ ಜೊತೆ ಕೇರಂ ಆಡೋನು. ಮೇನ್ ಇರೋದು ಪಕ್ಕದ ಕಟ್ಟಡದ ನೆಲಮಾಳಿಗೆಯಲ್ಲಿ. ಅವನು ದಾರಿಯಲ್ಲೇ ‘ಆಯ್ತು’ ಅಂತ ಬರೆದ. ಮಾಡ್ತೀನಿ ಅಂತ. ಹೊಸ ಮೇಸ್ತ್ರಿ ಅದನ್ನ ಮಾಡಿದ್ದೀನಿ ಅಂತ ಓದಿಕೊಳ್ತು. ಭಾವನ ಫೋನಿಗೆ ‘ಕರೆಂಟ್ ತೆಗೆಯಲಾಗಿದೆ, ಕೆಲಸ ಶುರು ಮಾಡಬಹುದು’ ಅಂತ ಬಂತು. ಊಟ ಆಯ್ತಾ ಅಂದ್ರೂ ಆಯ್ತು ಅಂತೀವಿ, ಅಂಗಡಿಗೆ ಹೋಗಿ ಬಾ ಅಂದ್ರೂ ಆಯ್ತು ಅಂತೀವಿ. ಹುಟ್ಟಿದಾಗಿಂದ ಹೀಗೇ ಮಾತಾಡಿಕೊಂಡು ಬಂದಿದ್ದೀವಲ್ರೀ. ನಾನಾಗಿದ್ರೆ ‘ಆಯ್ತು ಅಂದ್ರೆ ಮಾಡಿದ್ಯೋ, ಮಾಡ್ತೀಯೋ?’ ಅಂತ ಗದರಿಸ್ತಿದ್ದೆ. ದಿನಾ ಗದರಿಸ್ತಿದ್ದೆ, ಅದಕ್ಕೇ ಪೊಲೀಸಮ್ಮ ಅಂತಿದ್ರು. ವೈರಣ್ಣ ನೆಲಮಾಳಿಗೆ ತಲುಪೋದರೊಳಗೆ ಕೆಳಗಿನ ಮಹಡಿಯಲ್ಲಿ ಯಾರೋ ಲಿಫ್ಟಿನ ಬಟನ್ ಒತ್ತಿದ್ರು.

ಯಾರ ಮೇಲೆ ಸಿಟ್ಟು ಮಾಡ್ಕೊಳ್ಳಲಿ ಹೇಳಿ. ಆ ಮೇಸ್ತ್ರಿಯನ್ನ ಬೈದು ನೋಡಿದೆ. ಬಾಯಿಗೆ ಬಂದದ್ದೆಲ್ಲ ಟೈಪ್ ಮಾಡಿದೆ. ‘ಕ್ಷಮಿಸಿ, ನಿಮ್ಮ ಬೇಸರ ನನಗೆ ಅರ್ಥವಾಗುತ್ತದೆ’ ಅಂತ ಬರೀತು. ಮ್ಯಾನೇಜರು ಸೇಬು ಹಿಡಿದು ಬಂದ್ರು, ತಾನೇ ಪರೀಕ್ಷೆ ಮಾಡದೆ ಇಳಿದದ್ದು ಮೆಕ್ಯಾನಿಕ್ ತಪ್ಪು ಅಂತ ನೀವೂ ಒಂದು ಮಾತು ಹೇಳಬೇಕಾಗುತ್ತೆ ಅಂದ್ರು. ಆಗಲ್ಲ ಅಂದೆ. ಯೋಚನೆ ಮಾಡಿ ಅಂದ್ರು. ಆ ಮೇಸ್ತ್ರಿಯನ್ನ ಮಾತ್ರ ಇನ್ನೂ ಯಾರೂ ನಿಲ್ಲಿಸಿಲ್ಲ. ನಿನ್ನೆ ಭಾವನ ಫೋನು ನಿಮ್ಮ ಅತ್ತಿಗೆಯ ಮಡಿಲಲ್ಲಿತ್ತು, ಟಣ್ ಅಂತು. ‘ನಿಮ್ಮ ಒಂದು ಕೆಲಸ ಬಾಕಿ ಇದೆ. ಯಾವಾಗ ಮುಗಿಸುತ್ತೀರಿ?’ ಅಕ್ಕ ಓದಿ ನನ್ನ ಮುಖ ನೋಡಿದ್ರು. ‘ನೀನು ಇರ್ಲಿಲ್ವೇನೇ ಅಲ್ಲಿ?’ ಅಂದ್ರು. ಅಷ್ಟೇ. ವೈರಣ್ಣ ಹೊರಗಿನ ಬೆಂಚು ಬಿಟ್ಟು ಕದಲಿಲ್ಲ. ಅಕ್ಕ ಅವನನ್ನ ಬಾಗಿಲೊಳಗೆ ಕಾಲಿಡಲು ಬಿಡ್ತಿಲ್ಲ. ಅವನ ಮನೆಯವರು ತಂದ ಊಟ ಹಾಗೇ ವಾಪಸ್ ಹೋಗುತ್ತೆ.

ನೀವು ಅಲ್ಲಿ ಗಾಬರಿ ಬೀಳಬೇಡಿ. ನಡುವೆ ಬಿಟ್ಟು ಬರಬೇಡಿ, ಬಂದು ಮಾಡೋದಾದ್ರೂ ಏನಿದೆ, ಕತ್ತರಿಸಿದ ಕಾಲು ಬರುತ್ತಾ? ನಾನಿದ್ದೀನಿ. ಹೊತ್ತಿಗೆ ಸರಿಯಾಗಿ ಉಣ್ಣಿ. ಮಗಳು ಬಾಯಿ ಮುಚ್ಚಿಕೊಂಡೇ ಮುತ್ತು ಕಳಿಸಿದ್ದಾಳೆ.

ನಿಮ್ಮವಳೇ

ತಾ.ಕ.: ಪತ್ರ ಮಡಿಸೋಷ್ಟರಲ್ಲಿ ಡಾಕ್ಟರು ಕರೆದ್ರು. ನಂಜು ರಕ್ತಕ್ಕೆ ಏರಿದೆಯಂತೆ. ಬರಬೇಡಿ ಅಂದದ್ದನ್ನ ಹೊಡೆದುಹಾಕಿ, ಯಾವ ಬಂದರಾದ್ರೂ ಸರಿ, ಇಳಿದು ಬಂದುಬಿಡಿ. ಭಾವನಿಗೆ ಯಾರ ಗುರುತೂ ಹತ್ತುತ್ತಿಲ್ಲ. ನನ್ನನ್ನೂ, ನರ್ಸನ್ನೂ, ಎಲ್ಲರನ್ನೂ ‘ತಮ್ಮಾ, ಬಂದ್ಯಾ’ ಅಂತಾರೆ. ಅಕ್ಕನೇ ಎದ್ದು ಹೋಗಿ ವೈರಣ್ಣನನ್ನ ಒಳಗೆ ಕರ್ಕೊಂಡು ಬಂದ್ರು. ‘ಬಂದೆ ಅಣ್ಣಾ’ ಅಂತ ಅವನೇ ಓಗೊಟ್ಟು, ಕೈ ಹಿಡ್ಕೊಂಡು ಕೂತಿದ್ದಾನೆ.